ರೆಡಿಮೇಡ್ ಬಟನ್, ಸ್ವಂತ ಬುದ್ಧಿ

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನಿಮ್ಮ ಮೊಬೈಲಿನಲ್ಲಿ ಯಾವುದಾದರೂ ಆ್ಯಪ್ ತೆರೆದು ಒಂದು ಬಟನ್ ಮೇಲೆ ಬೆರಳಿಡಿ. (ಹಣ ಕಳಿಸುವ ಬಟನ್ ಮಾತ್ರ ಬೇಡ!) ಬೆರಳು ಎತ್ತಬೇಡಿ. ಹಾಗೇ ಜಾರಿಸಿಕೊಂಡು ಬಟನ್‌ನಿಂದ ದೂರ ಹೋಗಿ, ಆಮೇಲೆ ಎತ್ತಿ. ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒತ್ತಲು ಹೋದವರು ನಡುವೆ ಮನಸ್ಸು ಬದಲಾಯಿಸಿದರು ಎಂದು ಬಟನ್ ತಾನೇ ಅರ್ಥ ಮಾಡಿಕೊಂಡು ಸುಮ್ಮನಾಗುತ್ತದೆ.

ಈ ಸೌಜನ್ಯವನ್ನು ಆ ಆ್ಯಪ್ ಮಾಡಿದ ಪ್ರೋಗ್ರಾಮರ್ ಬಹುಶಃ ಬರೆದೇ ಇಲ್ಲ. ಅದು ಬಟನ್ ಜೊತೆಗೇ ಬಂದದ್ದು. ಬೆರಳು ತಾಗಿದಾಗ ಬಣ್ಣ ತುಸು ಗಾಢವಾಗುವುದು, ಈಗ ಒತ್ತುವಂತಿಲ್ಲ ಎಂದು ಹೇಳಿದರೆ ಬಟನ್ ಮಂಕಾಗಿ ಕೂರುವುದು, ಕೀಬೋರ್ಡ್ ಇದ್ದರೆ ಎಂಟರ್ ಕೀಲಿಗೂ ಓಗೊಡುವುದು, ಕಣ್ಣು ಕಾಣದವರು ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಬಳಸುತ್ತಿದ್ದರೆ ತನ್ನ ಹೆಸರನ್ನು ತಾನೇ ಹೇಳುವುದು, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ತಾನೂ ಹಿಗ್ಗುವುದು, ಇವೆಲ್ಲ ಒಂದು ಪುಟ್ಟ ಬಟನ್‌ನ ಹೊಟ್ಟೆಯೊಳಗೆ ಇವೆ. ನಾವು ಪ್ರೋಗ್ರಾಮರ್‌ಗಳು ಬರೆಯುವುದು ಎರಡೇ ಸಾಲು: ಮೇಲೆ ಯಾವ ಪದ ಇರಬೇಕು, ಒತ್ತಿದರೆ ಏನಾಗಬೇಕು.

ಹೀಗೆ ಬಟನ್, ಪಟ್ಟಿ, ಮೆನು, ಅಕ್ಷರ ತುಂಬುವ ಪೆಟ್ಟಿಗೆ ಇವನ್ನೆಲ್ಲ ಸಿದ್ಧ ಮಾಡಿ ಕೊಡುವ ಸಾಮಾನಿನ ಗಂಟಿಗೆ ಯೂಸರ್ ಇಂಟರ್‌ಫೇಸ್ ಟೂಲ್‌ಕಿಟ್ ಎನ್ನುತ್ತಾರೆ. ಮದುವೆ ಮನೆಗೆ ಬಾಡಿಗೆ ಪಾತ್ರೆ ತರಿಸಿದ ಹಾಗೆ. ಕೊಪ್ಪರಿಗೆ, ಸೌಟು, ಜಾಲರಿ ಅಂಗಡಿಯವರದು, ಹುಳಿಯ ರುಚಿ ಮಾತ್ರ ನಮ್ಮ ಅಡುಗೆಯವರದು.

ಆದರೆ ಒಂದು ಪ್ರಶ್ನೆ ನ್ಯಾಯವಾಗಿಯೇ ಏಳುತ್ತದೆ. ಐಟಿಯಲ್ಲಿ ಇಲ್ಲದ ಸ್ನೇಹಿತರು ನನ್ನನ್ನು ಇದನ್ನೇ ಕೇಳುತ್ತಾರೆ: "ಎಲ್ಲರೂ ಅದೇ ರೆಡಿಮೇಡ್ ಸಾಮಾನು ಜೋಡಿಸುವುದಾದರೆ ನಿಮ್ಮ ಸ್ವಂತ ಬುದ್ಧಿ ಎಲ್ಲಿ ಬಂತು? ಅದಕ್ಕೇ ಅಲ್ಲವೇ, ಬ್ಯಾಂಕಿನ ಆ್ಯಪ್, ಟಿಕೆಟ್ ಆ್ಯಪ್, ಕಿರಾಣಿ ಆ್ಯಪ್ ಎಲ್ಲ ಒಂದೇ ಮುಖ ಹೊತ್ತು ನಿಂತಿರುವುದು?" ಈ ತಿಂಗಳ ಅಂಕಣ ಈ ಪ್ರಶ್ನೆಯ ಸುತ್ತ.

ಮೊದಲು, ಟೂಲ್‌ಕಿಟ್‌ಗೆ ತನ್ನದೇ ಅಭಿರುಚಿ ಇದೆ ಎಂಬುದನ್ನು ಒಪ್ಪಿಕೊಳ್ಳೋಣ. ಇದಕ್ಕೆ ಒಂದು ಹಳೆಯ ಕತೆಯಿದೆ. 1981ರಲ್ಲಿ ಆ್ಯಪಲ್‌ನಲ್ಲಿ ಬಿಲ್ ಅಟ್ಕಿನ್ಸನ್ ಎಂಬ ಪ್ರೋಗ್ರಾಮರ್ ಪರದೆಯ ಮೇಲೆ ಚಿತ್ರ ಬರೆಯುವ ಕೋಡ್ ಸಿದ್ಧ ಮಾಡುತ್ತಿದ್ದರು. ಮುಂದೆ ಅದೇ ಕ್ವಿಕ್‌ಡ್ರಾ ಎಂದು ಹೆಸರಾಯಿತು. ವೃತ್ತ, ಅಂಡಾಕಾರಗಳನ್ನು ಬಹಳ ವೇಗವಾಗಿ ಬರೆಯುವ ಉಪಾಯ ಕಂಡುಹಿಡಿದು ಸ್ಟೀವ್ ಜಾಬ್ಸ್‌ಗೆ ತೋರಿಸಿದರು. ಜಾಬ್ಸ್ ಕೇಳಿದ್ದು, ಮೂಲೆ ದುಂಡಗಿರುವ ಆಯತ ಬರೆಯಲು ಆಗುತ್ತದೆಯೇ ಎಂದು. ಅದು ಕಷ್ಟ, ಅದರ ಅಗತ್ಯವೂ ಇಲ್ಲ ಎಂದರು ಅಟ್ಕಿನ್ಸನ್. ಜಾಬ್ಸ್ ಬಿಡಲಿಲ್ಲ. ಕೋಣೆಯೊಳಗಿನ ಸಾಮಾನು ತೋರಿಸಿದರು, ಹೊರಗೆ ಕರೆದುಕೊಂಡು ಹೋಗಿ ಬೀದಿಯ 'ನೋ ಪಾರ್ಕಿಂಗ್' ಫಲಕದ ದುಂಡು ಮೂಲೆಯನ್ನೂ ತೋರಿಸಿದರು. ಮರುದಿನವೇ ಅಟ್ಕಿನ್ಸನ್ ಅದನ್ನು ಮಾಡಿಕೊಂಡು ಬಂದರು. ಆಗ ಅವರ ಜೊತೆಗಿದ್ದ ಆ್ಯಂಡಿ ಹರ್ಟ್ಜ್‌ಫೆಲ್ಡ್ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ.

1984ರಲ್ಲಿ ಮ್ಯಾಕಿಂಟಾಷ್ ಬಂದಾಗ ಅದರ 64 ಕಿಲೋಬೈಟ್ ರಾಮ್ ಚಿಪ್‌ನೊಳಗೆ, ಅಂದರೆ ಅಳಿಸಲಾಗದ ಶಾಶ್ವತ ನೆನಪಿನೊಳಗೆ, ಕ್ವಿಕ್‌ಡ್ರಾ ಇತ್ತು. ಜೊತೆಗೆ ಕಿಟಕಿ, ಮೆನು, ಬಟನ್‌ಗಳ 'ಟೂಲ್‌ಬಾಕ್ಸ್' ಕೂಡ ಇತ್ತು. ಆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಯಾರಿಗೇ ಆಗಲಿ, ದುಂಡು ಮೂಲೆಯ ಆಯತ ಒಂದೇ ಸಾಲಿನ ಆಜ್ಞೆಗೆ ಸಿಗುತ್ತಿತ್ತು. ಸುಲಭವಾಗಿ ಸಿಗುವುದನ್ನು ಯಾರು ಬಿಡುತ್ತಾರೆ? ಎಲ್ಲರೂ ಬಳಸಿದರು. ಇವತ್ತು ನಿಮ್ಮ ಫೋನಿನ ಬಟನ್‌ಗಳ ಮೂಲೆ ನೋಡಿ. ಟೂಲ್‌ಕಿಟ್‌ನಲ್ಲಿ ಏನು ಸುಲಭವೋ ಅದು ಲೋಕರೂಢಿ ಆಗುತ್ತದೆ. ಏನು ಕಷ್ಟವೋ ಅದನ್ನು ಯಾರೂ ಪ್ರಯತ್ನಿಸಿ ನೋಡುವುದೇ ಇಲ್ಲ. ಎಲ್ಲ ಆ್ಯಪ್‌ಗಳ ಮುಖ ಒಂದೇ ಆಗಿರುವುದರ ಗುಟ್ಟು ಇದು.

ಹಾಗಾದರೆ ಟೂಲ್‌ಕಿಟ್ ಸೃಜನಶೀಲತೆಯ ಶತ್ರುವೇ? ನನ್ನ ಅನುಭವ ಹಾಗೆ ಹೇಳುವುದಿಲ್ಲ. ಟೂಲ್‌ಕಿಟ್ ಕೊಡುವ ದೊಡ್ಡ ವಸ್ತು ಚಂದದ ಬಟನ್ ಅಲ್ಲ, ಸಮಯ. ಒಂದು ಯೋಚನೆಯನ್ನು ಪರದೆಯ ಮೇಲೆ ನೋಡಲು ಮೂರು ತಿಂಗಳು ಬೇಕಿದ್ದರೆ ನೀವು ಒಂದೇ ಯೋಚನೆ ಮಾಡುತ್ತೀರಿ, ಅದನ್ನೇ ಕೊನೆಯವರೆಗೂ ಸಮರ್ಥಿಸಿಕೊಳ್ಳುತ್ತೀರಿ. ಅರ್ಧ ದಿನ ಸಾಕಾದರೆ ಹತ್ತು ಮಾಡಿ ಒಂಬತ್ತನ್ನು ಬಿಸಾಡುವ ಧೈರ್ಯ ಬರುತ್ತದೆ. ಹೊಸತು ಹುಟ್ಟುವುದು ಆ ಬಿಸಾಡುವ ಧೈರ್ಯದಿಂದ.

ಟಿಮ್ ಬರ್ನರ್ಸ್-ಲೀ 1990ರಲ್ಲಿ ಮೊದಲ ವೆಬ್ ಬ್ರೌಸರ್ ಬರೆದದ್ದು ನೆಕ್ಸ್ಟ್ ಕಂಪ್ಯೂಟರಿನ ಮೇಲೆ. ಅದರಲ್ಲಿ ಕಿಟಕಿ, ಮೆನುಗಳನ್ನು ಮೌಸಿನಿಂದಲೇ ಎಳೆದು ಜೋಡಿಸುವ ಇಂಟರ್‌ಫೇಸ್ ಬಿಲ್ಡರ್ ಎಂಬ ಸಲಕರಣೆ ಇತ್ತು. ಬೇರೆ ಕಡೆ ಸುಮಾರು ಒಂದು ವರ್ಷ ಹಿಡಿಯಬಹುದಾಗಿದ್ದ ಕೆಲಸ ಅಲ್ಲಿ ಒಂದೆರಡು ತಿಂಗಳಲ್ಲಿ ಆಯಿತು, ಬಹಳಷ್ಟು ಆಗಲೇ ಸಿದ್ಧವಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಮೆನು ಬರೆಯುವ ಶ್ರಮ ಉಳಿದದ್ದರಿಂದ ಲಿಂಕ್ ಬಗ್ಗೆ ಯೋಚಿಸಲು ಪುರುಸೊತ್ತು ಸಿಕ್ಕಿತು.

ಅದಕ್ಕಿಂತ ನಮಗೆ ಹತ್ತಿರದ ಉದಾಹರಣೆ ನಿಮ್ಮ ಹೆಬ್ಬೆರಳಿನಲ್ಲೇ ಇದೆ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಎಳೆದು ಬಿಟ್ಟರೆ ಹೊಸ ಸುದ್ದಿ ಬರುತ್ತದಲ್ಲ, ಆ ಎಳೆತ ಐಫೋನಿನ ಆರಂಭದ ವರ್ಷಗಳಲ್ಲಿ ಲೋರೆನ್ ಬ್ರಿಕ್ಟರ್ ಎಂಬ ಪ್ರೋಗ್ರಾಮರ್ ತಮ್ಮ 'ಟ್ವೀಟಿ' ಎಂಬ ಆ್ಯಪ್‌ಗಾಗಿ ಯೋಚಿಸಿದ್ದು. ಐಫೋನ್ ಟೂಲ್‌ಕಿಟ್‌ನ ಪಟ್ಟಿಗೆ ಆಗಲೇ ರಬ್ಬರಿನಂಥ ಗುಣವಿತ್ತು. ತುದಿ ಮುಟ್ಟಿದ ಮೇಲೂ ಎಳೆದರೆ ಸ್ವಲ್ಪ ಬಗ್ಗಿ, ಬಿಟ್ಟರೆ ವಾಪಸ್ ಪುಟಿಯುತ್ತಿತ್ತು. ಎಲ್ಲರೂ ಅದನ್ನು ಅಲಂಕಾರ ಎಂದುಕೊಂಡಿದ್ದರು. ಬ್ರಿಕ್ಟರ್ ಆ ಖಾಲಿ ಜಾಗವನ್ನು ಉಪಯೋಗಕ್ಕೆ ತಂದರು. ಇನ್ನೂ ಹೊಸದು ಬೇಕು ಎಂದು ಜನ ಎಳೆಯುತ್ತಿದ್ದಾರೆ, ಹಾಗಾದರೆ ಆ ಎಳೆತವೇ "ಹೊಸದು ತಾ" ಎಂಬ ಆಜ್ಞೆಯಾಗಲಿ ಎಂದು. ರಿಫ್ರೆಶ್ ಬಟನ್‌ನ ಅವಶ್ಯಕತೆಯೇ ಹೋಯಿತು. 2012ರ ಐಓಎಸ್ 6ರಲ್ಲಿ ಆ್ಯಪಲ್ ಇದನ್ನು ತನ್ನ ಟೂಲ್‌ಕಿಟ್‌ನೊಳಗೇ ಸೇರಿಸಿಕೊಂಡಿತು, ಆಂಡ್ರಾಯ್ಡಿಗೂ ಬಂತು. ಈಗ ಯಾವ ಹೊಸ ಪ್ರೋಗ್ರಾಮರಿಗೂ ಅದು ರೆಡಿಮೇಡ್.

ಈ ಚಕ್ರವನ್ನು ಗಮನಿಸಿ. ಟೂಲ್‌ಕಿಟ್ ಒಂದು ಗುಣ ಕೊಟ್ಟಿತು. ಒಬ್ಬರು ಅದರಲ್ಲಿ ಬೇರೆ ಅರ್ಥ ಕಂಡರು. ಆ ಅರ್ಥ ತಿರುಗಿ ಟೂಲ್‌ಕಿಟ್‌ಗೆ ಸೇರಿತು. ತಾಳಮದ್ದಳೆ ಕೇಳಿದವರಿಗೆ ಇದು ಹೊಸದೇನಲ್ಲ. ಪ್ರಸಂಗದ ಪದ್ಯ ಎಲ್ಲ ಅರ್ಥಧಾರಿಗಳಿಗೂ ಅದೇ, ಅರ್ಥ ಹೇಳುವವರು ಮಾತ್ರ ಬೇರೆ ಬೇರೆ. ಪದ್ಯವೇ ಇಲ್ಲದಿದ್ದರೆ ಆ ಮಾತುಗಾರಿಕೆಗೆ ನೆಲೆಯೇ ಇರುತ್ತಿರಲಿಲ್ಲ.

ಈಗ ನಮ್ಮ ಕನ್ನಡದ ವಿಷಯಕ್ಕೆ ಬರುತ್ತೇನೆ. ಯಾಕೆಂದರೆ ಟೂಲ್‌ಕಿಟ್‌ನ ನಿಜವಾದ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಲ್ಲ, ನಮ್ಮಂಥ ಲಿಪಿಗಳಲ್ಲಿ.

'ಕರ್ನಾಟಕ' ಎಂಬ ಪದ ತೆಗೆದುಕೊಳ್ಳಿ. ಕಂಪ್ಯೂಟರಿನ ನೆನಪಿನಲ್ಲಿ ಅದು ಏಳು ಯೂನಿಕೋಡ್ ಸಂಕೇತಗಳ ಸಾಲು: ಕ, ರ, ಒಂದು ವಿರಾಮ ಚಿಹ್ನೆ, ನ, ಆಕಾರದ ದೀರ್ಘ, ಟ, ಕ. ಓದುವ ನಮಗೆ ಅದು ನಾಲ್ಕೇ ಅಕ್ಷರ. ಅದರಲ್ಲೂ ನೆನಪಿನಲ್ಲಿ ಮುಂದೆ ನಿಂತ 'ರ' ಪರದೆಯ ಮೇಲೆ ಅರ್ಕಾವತ್ತಾಗಿ 'ನಾ' ದಾಟಿ ಹಿಂದೆ ಹೋಗಿ ನಿಲ್ಲಬೇಕು. ನಮ್ಮ ರಾಜ್ಯದ ಹೆಸರನ್ನು ಸರಿಯಾಗಿ ತೋರಿಸಲಿಕ್ಕೇ ಕಂಪ್ಯೂಟರ್ ಇಷ್ಟು ಸರ್ಕಸ್ ಮಾಡಬೇಕು. ಈ ಕೆಲಸವನ್ನು ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಫ್ಲಟರ್ ಇವೆಲ್ಲದರ ಒಳಗೆ ಕೂತು ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. 2010ರ ಸುಮಾರಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸಂದೇಶ ಬಂದರೆ ಸಾಲು ಸಾಲು ಖಾಲಿ ಡಬ್ಬಿ ಕಾಣುತ್ತಿದ್ದುದು ನಿಮಗೂ ನೆನಪಿರಬಹುದು. ಆ ಕಾಲದಲ್ಲಿ ಕನ್ನಡದ ಆ್ಯಪ್‌ನಲ್ಲಿ ಸೃಜನಶೀಲತೆ ಎಂದರೆ, ಪದಗಳನ್ನೇ ಚಿತ್ರ ಮಾಡಿ ಅಂಟಿಸುವುದು! ಅಕ್ಷರ ಮೂಡಿಸುವ ಕೆಲಸ ಟೂಲ್‌ಕಿಟ್‌ನ ಪಾಲಿಗೆ ಹೋದ ಮೇಲೆಯೇ ನಾವು ಬೇರೆ ಏನಾದರೂ ಯೋಚಿಸುವಂತಾದದ್ದು.

ಆದರೂ ಟೂಲ್‌ಕಿಟ್ ಹುಟ್ಟಿದ ಊರಿನ ಅಭ್ಯಾಸಗಳು ಅದರೊಳಗೆ ಉಳಿದೇ ಇರುತ್ತವೆ. ಆಂಡ್ರಾಯ್ಡಿನ ಮೆಟೀರಿಯಲ್ ವಿನ್ಯಾಸದ ಮೊದಲ ಆವೃತ್ತಿಯಲ್ಲಿ ಬಟನ್ ಮೇಲಿನ ಪದವೆಲ್ಲ ತಾನಾಗಿಯೇ ದೊಡ್ಡಕ್ಷರವಾಗುತ್ತಿತ್ತು. ಪದಕ್ಕೆ ಒತ್ತು ಕೊಡುವ ಉಪಾಯ ಅದು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲ. ಹಾಗಾಗಿ ಭಾಷೆ ಬದಲಾಯಿಸಿದ ಕೂಡಲೇ ಆ ಒತ್ತು ಮಾಯ. ಬಟನ್‌ಗೂ ಪಕ್ಕದ ವಿವರಣೆಗೂ ವ್ಯತ್ಯಾಸವೇ ಕಾಣುವುದಿಲ್ಲ. ಇನ್ನು ಎತ್ತರದ ಮಾತು. ಇಂಗ್ಲಿಷ್ ಅಕ್ಷರ ಕೆಳಗೆ ಇಳಿಯುವುದು ತುಸುವೇ. 'ರಾಷ್ಟ್ರೀಯ', 'ಲಕ್ಷ್ಮಿ' ಎಂದು ಬರೆದರೆ ಒತ್ತಕ್ಷರ ಎಷ್ಟು ಕೆಳಗೆ ಇಳಿಯುತ್ತದೆ ನೋಡಿ. ಬಟನ್‌ನ ಎತ್ತರವನ್ನು ಪ್ರೋಗ್ರಾಮರ್ ಇಷ್ಟೇ ಎಂದು ಗೆರೆ ಹಾಕಿಟ್ಟಿದ್ದರೆ ಲಕ್ಷ್ಮಿಯ ಕಾಲೇ ಕತ್ತರಿಸಿ ಹೋಗುತ್ತದೆ. ಒಳ್ಳೆಯ ಟೂಲ್‌ಕಿಟ್‌ಗಳು ಇದಕ್ಕೆ ದಾರಿ ಕೊಟ್ಟಿವೆ. ಒಳಗಿನ ಮಾತು ಎಷ್ಟು ಜಾಗ ಕೇಳುತ್ತದೋ ಅಷ್ಟೇ ದೊಡ್ಡದಾಗು ಎಂದು ಪೆಟ್ಟಿಗೆಗೆ ಹೇಳಬಹುದು. ಆ ದಾರಿ ಹಿಡಿಯುವುದು, ಬಿಡುವುದು ಬರೆಯುವವರ ಕೈಯಲ್ಲಿದೆ.

ಇದೆಲ್ಲ ನನಗೆ ಬರೀ ಪುಸ್ತಕದ ವಿಷಯವಾಗಿ ಉಳಿಯದಂತೆ ಮಾಡಿದ್ದು ಪುಣೆಯ ಹೊರವಲಯದ ಒಂದು ಗೋದಾಮಿನ ಕೆಲಸ. ಚಾಕಣ್ ಕಡೆಯ ಆ ಗೋದಾಮಿನಲ್ಲಿ ಮಾಲು ಎಲ್ಲಿಡಬೇಕು, ಎಲ್ಲಿಂದ ತೆಗೆಯಬೇಕು ಎಂದು ತೋರಿಸುವ ಟ್ಯಾಬ್ಲೆಟ್ ಆ್ಯಪ್ ಮಾಡುವ ಹೊಣೆ ನಮ್ಮ ತಂಡಕ್ಕೆ ಬಂತು. ಅಲ್ಲಿ ದುಡಿಯುವವರಲ್ಲಿ ಮರಾಠಿ, ಹಿಂದಿಯವರ ಜೊತೆಗೆ ವಿಜಯಪುರ, ಕಲಬುರಗಿ ಕಡೆಯ ನಮ್ಮವರೂ ಬಹಳ ಮಂದಿ. ಮೂರು ಭಾಷೆಯಲ್ಲೂ ಆ್ಯಪ್ ಬೇಕಿತ್ತು.

ಟೂಲ್‌ಕಿಟ್ ನಮ್ಮ ಮುಂದಿಟ್ಟ ಸುಲಭದ ದಾರಿ ಪಟ್ಟಿಯದು. ಒಂದರ ಕೆಳಗೊಂದು ಸಾಲು, ಪ್ರತಿ ಸಾಲಿಗೂ ಒಂದು ಟಿಕ್ ಪೆಟ್ಟಿಗೆ, 'ಬಿ-14-3' ಎಂಬಂಥ ಸಂಕೇತ. ಅರ್ಧ ದಿನದ ಕೆಲಸ. ಆದರೆ ಗೋದಾಮಿನಲ್ಲಿ ಎರಡು ದಿನ ನಿಂತು ನೋಡಿದಾಗ ಗೊತ್ತಾದದ್ದು, ಅಲ್ಲಿ ಯಾರೂ ಸಂಕೇತ ಓದಿಕೊಂಡು ನಡೆಯುವುದಿಲ್ಲ. "ನೀರಿನ ಟಾಕಿ ಕಡೆಯ ಸಾಲು, ಮೂರನೇ ಅಂಕಣ, ಮೇಲೆ" ಎಂದು ಜಾಗವನ್ನೇ ಹೇಳಿಕೊಳ್ಳುತ್ತಾರೆ. ನಮ್ಮ ತಂಡದ ನಾಸಿಕ್ ಕಡೆಯ ಹುಡುಗಿಯೊಬ್ಬಳು, ಪಟ್ಟಿ ಯಾಕೆ ಬೇಕು, ಗೋದಾಮನ್ನೇ ಬರೆದು ತೋರಿಸೋಣ ಎಂದಳು. ನಾವು ಬಳಸುತ್ತಿದ್ದದ್ದು ಫ್ಲಟರ್. ಅದು ಪರದೆಯ ಪ್ರತಿಯೊಂದು ಚುಕ್ಕೆಯನ್ನೂ ತಾನೇ ಬಿಡಿಸುವ ಟೂಲ್‌ಕಿಟ್. ಸಿದ್ಧ ಬಟನ್ ಬೇಡವೆಂದರೆ ಖಾಲಿ ಹಾಳೆಯನ್ನೂ ಕೊಡುತ್ತದೆ. ಎರಡೇ ದಿನದಲ್ಲಿ ರ್‍ಯಾಕ್‌ಗಳ ಸಾಲು, ಬಾಗಿಲು, ನೀರಿನ ಟಾಕಿ ಎಲ್ಲ ಪರದೆ ಮೇಲೆ ಮೂಡಿತು. ಮಾಲು ಇರುವ ಖಾನೆ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತಿತ್ತು.

ಅದನ್ನು ಮೊದಲು ನೋಡಿದವರಲ್ಲಿ ಇಂಡಿ ತಾಲ್ಲೂಕಿನ ಹಿರಿಯರೊಬ್ಬರಿದ್ದರು. ಟ್ಯಾಬ್ಲೆಟ್ ಕೈಗೆ ತಗೊಂಡು ಒಮ್ಮೆ ಗೋದಾಮು, ಒಮ್ಮೆ ಪರದೆ ನೋಡಿದರು.

"ಇದು ನಮ್ಮ ಗೋಡೌನಾ ಐತಿ. ಆದ್ರ ಬಾಗಲಾ ಉಲ್ಟಾ ಐತಲ್ರಿ ಸರ."

"ಇಲ್ರಿ ಕಾಕಾ, ಉತ್ತರ ದಿಕ್ಕು ಮ್ಯಾಲ ಇಟ್ಟು ಬರ್ದೇವಿ. ನಕಾಶೆ ಹಂಗಾ ಇರ್ತೈತಲ್ರಿ."

"ನಾವು ಉತ್ತರದಿಂದ ಒಳಗ ಬರ್ತೇವೇನ್ರಿ? ಗೇಟಿನಿಂದ ಬರ್ತೇವಿ."

ಆ ಮಾತಿಗೆ ಎದುರು ಮಾತಿಲ್ಲ. ಟ್ಯಾಬ್ಲೆಟ್ ಇನ್ನೂ ಲ್ಯಾಪ್‌ಟಾಪಿಗೆ ಜೋಡಿಸಿಯೇ ಇತ್ತು. ಆ ಹುಡುಗಿ ಇಡೀ ಚಿತ್ರವನ್ನು ಅರ್ಧ ಸುತ್ತು ತಿರುಗಿಸುವ ಒಂದು ಸಾಲು ಬರೆದಳು, ಹೆಸರುಗಳು ತಲೆಕೆಳಗಾಗದಂತೆ ಅವನ್ನು ತಿರುಗಿಸಿದ ಮೇಲೆ ಬರೆಯುವಂತೆ ಕೋಡಿನ ಕ್ರಮ ಬದಲಾಯಿಸಿದಳು, ಸೇವ್ ಮಾಡಿದಳು. ಫ್ಲಟರ್‌ನಲ್ಲಿ ಹಾಟ್ ರೀಲೋಡ್ ಎಂಬ ಸೌಲಭ್ಯವಿದೆ. ನಡೆಯುತ್ತಿರುವ ಆ್ಯಪ್ ನಿಲ್ಲಿಸದೆ ಬದಲಾವಣೆ ಕಾಣಿಸುತ್ತದೆ. ಕಾಕಾ ಕೈಯಲ್ಲಿ ಹಿಡಿದಂತೆಯೇ ಗೋದಾಮು ತಿರುಗಿ ಬಾಗಿಲು ಕೆಳಗೆ ಬಂತು. "ಹಾಂ, ಈಗ ನೆಟ್ಟಗಾತ ನೋಡ್ರಿ" ಎಂದರು. ಬಟನ್ ಮೇಲೆ ಅನುವಾದಕರು ಕೊಟ್ಟಿದ್ದ 'ದಾಸ್ತಾನು ಸ್ವೀಕೃತಿ' ಹೋಗಿ 'ಮಾಲು ಬಂತು' ಎಂದಾದದ್ದೂ ಅವತ್ತೇ.

ಟೂಲ್‌ಕಿಟ್ ಪ್ರೋಗ್ರಾಮರ್‌ಗೆ ಹೇಗೆ ಸಹಾಯ ಮಾಡುತ್ತದೆ ಎಂದು ಕೇಳಿದರೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ. ಯೋಚನೆ ಟೂಲ್‌ಕಿಟ್‌ನದಲ್ಲ, ಆ ಹುಡುಗಿಯದು. ತಿದ್ದಿದ್ದು ಟೂಲ್‌ಕಿಟ್ ಅಲ್ಲ, ಕಾಕಾ. ಆದರೆ ಅವರಿಬ್ಬರ ನಡುವಿನ ಮಾತು ಅಲ್ಲೇ, ಆ ಕ್ಷಣದಲ್ಲೇ ಫಲ ಕೊಡಲು ಸಾಧ್ಯವಾದದ್ದು ಟೂಲ್‌ಕಿಟ್‌ನಿಂದ. ತಿದ್ದುಪಡಿಗೆ ಮೂರು ವಾರ ಹಿಡಿಯುವಂತಿದ್ದರೆ "ಮುಂದಿನ ಆವೃತ್ತಿಯಲ್ಲಿ ನೋಡೋಣ" ಎನ್ನುತ್ತಿದ್ದೆವು. ಅವರೂ ಎರಡನೇ ಸಲ ಬಾಯಿ ಬಿಡುತ್ತಿರಲಿಲ್ಲ.

ಇದಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಸಿದ್ಧ ಬಟನ್ ಬಿಟ್ಟು ಸ್ವಂತ ಚಿತ್ರ ಬರೆದ ಕೂಡಲೇ, ಬಟನ್ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಗಳೆಲ್ಲ ನಮ್ಮ ಹೆಗಲಿಗೆ ಬಂದವು. ನಾವು ಬರೆದ ರ್‍ಯಾಕ್ ಟಾಕ್‌ಬ್ಯಾಕ್‌ಗೆ ಬರೀ ಖಾಲಿ ಗೋಡೆ. ಪ್ರತಿ ಖಾನೆಗೂ ಹೆಸರು, ಸ್ಥಿತಿ ಬರೆದು ಕೊಡಬೇಕು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡರೂ ಚಿತ್ರದೊಳಗಿನ ಅಕ್ಷರ ಹಿಗ್ಗುವುದಿಲ್ಲ. ಅದನ್ನೂ ಲೆಕ್ಕಕ್ಕೆ ತರಬೇಕು. ಕೈಗವಸು ಹಾಕಿದ ಬೆರಳಿಗೆ ಖಾನೆ ತೀರಾ ಸಣ್ಣದು. ಮುಟ್ಟುವ ಜಾಗ ಕನಿಷ್ಠ ಇಷ್ಟಿರಲಿ ಎಂದು ಆಂಡ್ರಾಯ್ಡ್ 48 ಡಿಪಿ, ಆ್ಯಪಲ್ 44 ಪಾಯಿಂಟ್ ಎಂಬ ಅಳತೆ ಹೇಳುತ್ತವೆ. ನಮಗೆ ಅದಕ್ಕಿಂತಲೂ ಹೆಚ್ಚು ಬೇಕಾಯಿತು. ಚಿತ್ರ ಎರಡು ದಿನದ್ದು, ಉಳಿದದ್ದು ಎರಡು ವಾರದ್ದು. ಆ ಎರಡು ವಾರ ಕೊಡಲು ಸಿದ್ಧರಿಲ್ಲದವರು ಪಟ್ಟಿ ಮತ್ತು ಟಿಕ್ ಪೆಟ್ಟಿಗೆಯನ್ನೇ ಬಳಸುವುದು ಎಲ್ಲರಿಗೂ ಒಳ್ಳೆಯದು. ಚಂದ ಕಾಣುವ, ಆದರೆ ಕಣ್ಣು ಮಂದಾದವರಿಗೆ ಬಾಗಿಲು ಹಾಕುವ ಪರದೆಗಿಂತ ಸಪ್ಪೆ ಪರದೆ ಎಷ್ಟೋ ವಾಸಿ.

ಹಾಗಾಗಿ ನನ್ನ ಲೆಕ್ಕ ಸರಳ. ಒಂದು ಆ್ಯಪ್‌ನ ಹತ್ತರಲ್ಲಿ ಒಂಬತ್ತು ಭಾಗ ಟೂಲ್‌ಕಿಟ್ ಕೊಟ್ಟ ಹಾಗೇ ಇರಲಿ. ಲಾಗಿನ್, ಸೆಟ್ಟಿಂಗ್, ಹುಡುಕುವ ಪೆಟ್ಟಿಗೆ ಇವು ಎಲ್ಲ ಕಡೆ ಒಂದೇ ಥರ ಇದ್ದಷ್ಟೂ ಜನರಿಗೆ ಕಲಿಯುವ ಹೊರೆ ಕಡಿಮೆ. ಹೊಸತನವನ್ನು ಒಂದೇ ಜಾಗಕ್ಕೆ ಕಾದಿರಿಸಿ. ಬಳಸುವವರ ದಿನದ ಕೆಲಸ ಯಾವ ಪರದೆಯ ಮೇಲೆ ನಡೆಯುತ್ತದೋ ಆ ಜಾಗಕ್ಕೆ. ಅಲ್ಲಿ ಮಾತ್ರ "ಟೂಲ್‌ಕಿಟ್ ಕೊಟ್ಟದ್ದು ಇದು, ಇವರಿಗೆ ಬೇಕಾದದ್ದು ಇದೇನಾ?" ಎಂದು ಕೇಳಿಕೊಳ್ಳಿ.

ಈ ಪತ್ರಿಕೆ ಓದುವವರಲ್ಲಿ ಐಟಿ ಮಂದಿ ಬಹಳ ಇದ್ದೀರಿ. ನಿಮಗೊಂದು ಕೋರಿಕೆ. ವಿನ್ಯಾಸ ಮಾಡುವಾಗ ಖಾಲಿ ಜಾಗ ತುಂಬಲು 'ಲೋರೆಮ್ ಇಪ್ಸಮ್' ಎಂಬ ಲ್ಯಾಟಿನ್ ಪದಗಳನ್ನು ಸುರಿಯುತ್ತೇವಲ್ಲ, ಅದರ ಬದಲು ಮೊದಲ ದಿನವೇ 'ಮಲ್ಲಿಕಾರ್ಜುನ', 'ರಾಷ್ಟ್ರೀಯ', 'ಲಕ್ಷ್ಮೇಶ್ವರ' ಎಂದು ಹಾಕಿ ನೋಡಿ. ಒತ್ತಕ್ಷರ ಕತ್ತರಿಸಿದರೆ, ಅರ್ಕಾವತ್ತು ಓಡಿ ಹೋದರೆ, ಪದ ಬಟನ್ ದಾಟಿದರೆ ಅವತ್ತೇ ಗೊತ್ತಾಗುತ್ತದೆ. ಕೊನೆಯ ವಾರ ಅನುವಾದಕ್ಕೆ ಕಳಿಸುವ ಕನ್ನಡ, ಯಾವಾಗಲೂ ಬೇರೆಯವರ ಅಂಗಿ ತೊಟ್ಟಂತೆಯೇ ಕಾಣುತ್ತದೆ. ಮೊದಲ ದಿನ ಬಂದ ಕನ್ನಡಕ್ಕೆ ಅಂಗಿಯ ಅಳತೆ ತಾನಾಗಿಯೇ ಸರಿಹೋಗುತ್ತದೆ. ಇದಕ್ಕೆ ಬಾಸ್ ಅನುಮತಿ ಬೇಕಿಲ್ಲ, ಬಜೆಟ್ ಬೇಕಿಲ್ಲ. ಟೂಲ್‌ಕಿಟ್‌ಗಳು ತಮ್ಮ ಪಾಲಿನ ಕೆಲಸ ಬಹುಮಟ್ಟಿಗೆ ಮಾಡಿ ಮುಗಿಸಿವೆ.

ಐಟಿಯಲ್ಲಿ ಇಲ್ಲದವರಿಗೂ ಒಂದು ಮಾತು. ಯಾವುದಾದರೂ ಆ್ಯಪ್ ಬಳಸುವಾಗ ಗೊಂದಲವಾದರೆ "ನನಗೆ ಇದೆಲ್ಲ ಬರುವುದಿಲ್ಲ" ಎಂದು ಫೋನ್ ಮಕ್ಕಳ ಕೈಗೆ ಕೊಟ್ಟುಬಿಡಬೇಡಿ. ಬಾಗಿಲು ಉಲ್ಟಾ ಇದೆ ಎಂದು ಹೇಳಿ. ಹೇಳಿದರೆ ತಿರುಗಿಸುವುದು ಈಗ ಒಂದೇ ಸಾಲಿನ ಕೆಲಸ.

ಮುಂದಿನ ತಿಂಗಳು ಸಿಗೋಣ.